ಕೆಮ್ಮು ಸಾಹೇಬನ ಗುರುವಾರ

ನನಗೊಂದು ಕೆಮ್ಮಿದೆ. ಗಾಬರಿಯಾಗಬೇಡಿ, ಡಾಕ್ಟರಿಗೆ ತೋರಿಸುವಂಥ ಕೆಮ್ಮಲ್ಲ. ಯಾರಿಗಾದರೂ 'ಇಲ್ಲ' ಅನ್ನಬೇಕಾಗಿ ಬಂದಾಗ ಮಾತ್ರ ಬರುತ್ತದೆ. ಮೊದಲು ಗಂಟಲಲ್ಲಿ ಒಂದು ಸಣ್ಣ ಖೊಕ್, ಅದರ ಬೆನ್ನಿಗೇ ಸ್ವಲ್ಪ ದೊಡ್ಡ ಖೊಕ್ ಖೊಕ್, ಆಮೇಲೆ 'ಇಲ್ಲ'. 'ಹೌದು' ಅನ್ನುವಾಗ ನನ್ನ ಗಂಟಲಿಗೆ ಯಾವ ತೊಂದರೆಯೂ ಇರುವುದಿಲ್ಲ. ಧನಕವಡಿಯ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ನಾನು ಸೆಕ್ರೆಟರಿ. ಯಾರಿಗೂ ಬೇಡವಾಗಿದ್ದ ಈ ಪದವಿ, ಮೀಟಿಂಗಿಗೆ ತಡವಾಗಿ ಹೋದ ಕಾರಣಕ್ಕೆ ನನ್ನ ಕೊರಳಿಗೆ ಬಿತ್ತು. ಬಾಲ್ಕನಿಗೆ ಗ್ರಿಲ್ ಹಾಕಿಸಬಹುದೇ, ಬಾಡಿಗೆಯವರು ನಾಯಿ ಸಾಕಬಹುದೇ, ಗಣಪತಿಯ ಮಂಟಪವನ್ನು ಪಾರ್ಕಿಂಗಿನೊಳಗೆ ಇನ್ನೊಂದು ಗಾಡಿಯಷ್ಟು ಚಾಚಬಹುದೇ ಎಂದು ಕೇಳುವವರಿಗೆಲ್ಲ 'ಇಲ್ಲ' ಅನ್ನುವುದೇ ಸೆಕ್ರೆಟರಿಯ ಮುಖ್ಯ ಕೆಲಸ. ಎರಡನೆಯ ಮಹಡಿಯ ಜೋಶಿ ಕಾಕೂ ಅಂತೂ ನನ್ನ ಬಾಯಿಂದ 'ಇಲ್ಲ' ಬರುವವರೆಗೆ ಕಾಯುವುದೇ ಇಲ್ಲ. ಖೊಕ್ ಎಂದ ಕೂಡಲೇ 'ಬರಂ ಬರಂ, ಸಮಜಲಂ' ಎಂದು ಮರಾಠಿಯಲ್ಲಿ, ತಿಳಿಯಿತು ಬಿಡಿ ಎನ್ನುವ ಹಾಗೆ ಕೈಯಾಡಿಸಿ ಮೆಟ್ಟಿಲಿಳಿದು ಹೋಗುತ್ತಾರೆ.

ಮೊನ್ನೆ ಹೀಗೆಯೇ ಒಬ್ಬರಿಗೆ ಕೆಮ್ಮಿ ಕಳಿಸಿ ಒಳಗೆ ಬಂದಾಗ ಮಗಳು ಶ್ರುತಿ ಕೇಳಿದಳು, "ಅಪ್ಪಾ, ಈ ಕೆಮ್ಮು ನಿಮಗ ಎಲ್ಲಿಂದ ಬಂತು?"

"ನಿಮ್ಮ ಅಜ್ಜನಿಂದ."

"ಅಜ್ಜಗ ಎಲ್ಲಿಂದ ಬಂತು?"

"ಲಂಡನ್ನಿಂದ," ಅಂದೆ.

ಅವಳು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ. ಒಳಕೋಣೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ನಮ್ಮವ್ವ ಮಾತ್ರ ನಗದೆ, "ಅವನ ಕೆಲಸ ಪರ್ಮನೆಂಟ್ ಆತೋ ಇಲ್ಲೋ, ಇನ್ನ ತನ ತಿಳೀಲೇ ಇಲ್ಲ ನೋಡು," ಎಂದಳು. ಅಷ್ಟು ವರ್ಷಗಳ ಮೇಲೂ ಅವ್ವ ಆತನನ್ನು ಮರೆತಿರಲಿಲ್ಲ. ಅವ್ವನಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಗುಳಿಗೆ ತಗೊಂಡೆನೋ ಇಲ್ಲವೋ ಎಂಬುದು ಮರೆತುಹೋಗುತ್ತದೆ, ಕಂಡು ಕೇಳರಿಯದ ದೇಶದ ಒಬ್ಬ ಮನುಷ್ಯನ ನೌಕರಿಯ ಚಿಂತೆ ಮಾತ್ರ ನೆನಪಿನಲ್ಲಿದೆ.

ಲಂಡನ್ನಿನ ಕಥೆ ಹೇಳಬೇಕಾದರೆ ಪಿಂಪ್ರಿಯಿಂದ ಶುರುಮಾಡಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಯಾರೂ ಲಂಡನ್ನಿಗೆ ಹೋದವರಲ್ಲ. ಆಳಂದದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಅಪ್ಪ ಮರಾಠಿ ಸೀಮೆಯ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಬದ್ಲಿಯಾಗಿದ್ದ. ಬದ್ಲಿ ಎಂದರೆ ಬದಲಿ ಆಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಗೇಟಿನ ಹೊರಗೆ ನಿಲ್ಲಬೇಕು. ಒಳಗಿನವರು ಯಾರಾದರೂ ರಜೆ ಹಾಕಿದ್ದರೆ, ಯಾರಿಗಾದರೂ ಜ್ವರ ಬಂದಿದ್ದರೆ 'ಏ ಬದ್ಲಿ, ಚಲ್' ಎಂದು ಕರೆಯುತ್ತಾರೆ. ಎಲ್ಲರೂ ಆರೋಗ್ಯವಾಗಿದ್ದ ದಿನ ಬದ್ಲಿ ಬುತ್ತಿಯ ಸಮೇತ ಮನೆಗೆ ವಾಪಸು. ಕರೆದರೂ ಇಂಥದೇ ಕೆಲಸ ಎಂದಿಲ್ಲ. ಇವತ್ತು ಬಣ್ಣದ ಖಾತೆ, ನಾಳೆ ಭಟ್ಟಿ, ನಾಡಿದ್ದು ಪ್ಯಾಕಿಂಗ್. ಮಗ್ಗುಲ ಮನೆಯವರಿಗೆ ಹುಷಾರಿಲ್ಲ ಎಂದು ಕೇಳಿದರೆ ಅವ್ವನಿಗೆ ಮೊದಲು ಮರುಕ ಬರುತ್ತಿತ್ತು, ಹಿಂದೆಯೇ ಇವತ್ತು ಇವರನ್ನು ಕರೆದಾರು ಎಂಬ ಆಸೆ ಬರುತ್ತಿತ್ತು, ಆಮೇಲೆ ಆ ಆಸೆಗಾಗಿ ಅವಳೇ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ನಮ್ಮ ಕಾಲನಿಯಲ್ಲಿ ಆಗ ಮನುಷ್ಯರಲ್ಲಿ ಎರಡೇ ಜಾತಿ, ಪರ್ಮನೆಂಟ್ ಮತ್ತು ಬದ್ಲಿ. ಪರ್ಮನೆಂಟ್ ಅಂದರೆ ಏನಪ್ಪಾ ಎಂದು ನಾನೊಮ್ಮೆ ಕೇಳಿದಾಗ ಅಪ್ಪ ಹೇಳಿದ್ದು ಇವತ್ತಿಗೂ ನೆನಪಿದೆ: "ನಾವಾಗೇ ಬಿಡೋ ತನಕ ಯಾರೂ ತಗೀಲಿಕ್ಕೆ ಬರಂಗಿಲ್ಲ, ಅದು ಪರ್ಮನೆಂಟ್." ಹಾಗೆ ಆಗುವುದಕ್ಕೆ ಸಾಹೇಬರ ಮರ್ಜಿ ಬೇಕಾಗಿತ್ತು, ಅದರ ಮೇಲೆ ಕಂಪನಿಯ ಡಾಕ್ಟರ ಪರೀಕ್ಷೆಯಲ್ಲಿ ಪಾಸಾಗಬೇಕಾಗಿತ್ತು. ಡಾಕ್ಟರ ಮುಂದೆ ಕೆಮ್ಮಿ ಪರ್ಮನೆಂಟ್ ಕಳೆದುಕೊಂಡವರ ಕಥೆಗಳು ನಲ್ಲಿಯ ಕಟ್ಟೆಯ ಹತ್ತಿರ ಬೇಕಾದಷ್ಟು ಸಿಗುತ್ತಿದ್ದವು. ಹಾಗಾಗಿ ನಮ್ಮ ಮನೆಯಲ್ಲಿ ಕೆಮ್ಮು ಅಂದರೆ ಅವ್ವನಿಗೆ ಹಾವು ಕಂಡಷ್ಟು ಭಯ. ಅಪ್ಪ ಒಂದು ಸಲ ಕೆಮ್ಮಿದರೆ ಸಾಕು, ಶುಂಠಿ ಜಜ್ಜುವ ಸಪ್ಪಳ ಶುರುವಾಗುತ್ತಿತ್ತು.

ಇಂಥ ಮನೆಗೆ ಒಂದು ಹಳೆಯ ರೇಡಿಯೋ ಬಂತು. ಊರಿಗೆ ಹೊರಟ ಪಕ್ಕದ ಚಾಳಿನವರೊಬ್ಬರು ಹೊತ್ತುಕೊಂಡು ಹೋಗಲಾರದೆ ಅಪ್ಪನಿಗೆ ಕೊಟ್ಟು ಹೋದದ್ದು. ಗುಂಡಿ ತಿರುಗಿಸಿದ ಮೇಲೆ ಅದು ಬೆಚ್ಚಗಾಗಿ ಮಾತಾಡುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದಿತ್ತು. ಇದ್ದದ್ದೊಂದೇ ಹಲಗೆಯಾದ್ದರಿಂದ ಅದನ್ನು ದೇವರ ಹಲಗೆಯ ಮೇಲೆಯೇ, ಗಾಣಗಾಪುರದ ದತ್ತನ ಪಟದ ಎಡಕ್ಕೆ ಇಡಬೇಕಾಯಿತು. ಅವ್ವ ಅದಕ್ಕೆ ನವಿಲಿನ ಕಸೂತಿಯ ಒಂದು ಮುಸುಕು ಹೊಲಿದಳು. ಅಪ್ಪನಿಗೆ ಹಾಡು ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇಂಗ್ಲಿಷ್. ಕಾರ್ಖಾನೆಗೆ ವಿಲಾಯತಿಯಿಂದ ಹೊಸ ಮಿಶಿನ್ ಬರುತ್ತದಂತೆ, ಅದರ ಜೊತೆ ಒಬ್ಬ ಇಂಗ್ರೇಜಿ ಸಾಹೇಬನೂ ಬರುತ್ತಾನಂತೆ, ಅವನ ಮಾತು ತಿಳಿಯುವ ಬದ್ಲಿ ಸಿಕ್ಕರೆ ಅವನನ್ನೇ ಮಿಶಿನ್ನಿಗೆ ಹಾಕಿಕೊಂಡು ಪರ್ಮನೆಂಟ್ ಮಾಡುತ್ತಾರಂತೆ ಎಂಬ ಸುದ್ದಿ ಗೇಟಿನ ಹೊರಗೆ ಓಡಾಡುತ್ತಿತ್ತು. ಊರಿನ ಕನ್ನಡ ಶಾಲೆಯಲ್ಲಿ ಅಪ್ಪ ಕಲಿತ ಇಂಗ್ಲಿಷು ಬಾಗಿಲ ಮೇಲಿನ ಬೋರ್ಡು ಓದುವಷ್ಟು ಮಾತ್ರ ಇತ್ತು. ಲಂಡನ್ ಸ್ಟೇಷನ್ ಹಚ್ಚಿ ಕಿವಿಗೊಟ್ಟು ಕೂತರೆ ಎಂದಾದರೂ ತಿಳಿದೀತು ಎಂದು ಅವನ ಲೆಕ್ಕ.

ಲಂಡನ್ನಿನ ವಾರ್ತೆಯವರು ಭತ್ತ ಹುರಿದ ಹಾಗೆ ಪಟಪಟ ಮಾತಾಡುತ್ತಿದ್ದರು, ಅಪ್ಪನ ಕೈಗೆ ಒಂದು ಶಬ್ದವೂ ಹತ್ತುತ್ತಿರಲಿಲ್ಲ. ಆದರೆ ವಾರಕ್ಕೊಮ್ಮೆ ಸಂಜೆಯ ಹೊತ್ತು ಒಂದು ಮಾತುಕತೆಯ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಒಬ್ಬನ ದನಿ ಮಾತ್ರ ಬೇರೆ. ಅವನು ನಿಧಾನ. ಮಾತಿಗೆ ಮೊದಲು ಕೆಮ್ಮುತ್ತಿದ್ದ, ತಡೆಯುತ್ತಿದ್ದ, ಆಮೇಲೆ ಒಂದೊಂದೇ ಶಬ್ದವನ್ನು ಬಿಡಿಸಿ ಇಡುತ್ತಿದ್ದ. ಪಿಂಪ್ರಿಯಲ್ಲಿ ಒಬ್ಬ ಬದ್ಲಿ ಕೂತು ಕೇಳುತ್ತಿದ್ದಾನೆ, ಅವನಿಗೂ ತಿಳಿಯಲಿ ಎಂದು ಹಾಗೆ ಮಾಡುತ್ತಿದ್ದಂತಿತ್ತು. ಆ ದನಿಗೆ ನಮ್ಮ ಮನೆಯಲ್ಲಿ ಕೆಮ್ಮು ಸಾಹೇಬ ಎಂದು ಹೆಸರಾಯಿತು. ನಿಜವಾದ ಹೆಸರು ತಿಳಿಯುವ ದಾರಿಯೇ ಇರಲಿಲ್ಲ. ಮಾತಾಡಿದವರ ಹೆಸರುಗಳನ್ನು ಕೊನೆಯಲ್ಲಿ ಓದುತ್ತಿದ್ದರು, ಆ ಹೊತ್ತಿಗೆ ಸರಿಯಾಗಿ ಚಾಳಿನ ಹಿಂದಿನ ಹಳಿಯ ಮೇಲೆ ಲೋಕಲ್ ಗಾಡಿ ಬಂದು ರೇಡಿಯೋ ತುಂಬ ಗರಗರ ಎಬ್ಬಿಸುತ್ತಿತ್ತು. ಉಳಿದ ದಿನ ತಡವಾಗಿ ಬರುವ ಗಾಡಿ ಆ ಒಂದು ದಿನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಅವ್ವನಿಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಆದರೆ ದನಿ ಗುರುತು ಹಿಡಿಯಲು ಭಾಷೆ ಯಾಕೆ ಬೇಕು? ರೊಟ್ಟಿ ಬಡಿಯುತ್ತಲೇ ಅವಳೂ ಕೇಳುತ್ತಿದ್ದಳು. ಆ ಕೆಮ್ಮು ಬಂದ ಕೂಡಲೇ ರೇಡಿಯೋದೊಳಗಿನ ಜನವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಅದು ಅವ್ವನಿಗೆ ಸೇರುತ್ತಿರಲಿಲ್ಲ.

"ಈ ಮಂದಿ ಯಾಕ ನಗ್ತಾರ್ರೀ? ಪಾಪ, ಅಂವಾ ಕೆಮ್ಮಕೋತ ಏನೋ ಹೇಳ್ಲಿಕತ್ತಾನ."

"ಇವತ್ತ ಅಂವಾ ಪೊಲೀಸ್ ಆಗ್ಯಾನ," ಎಂದು ಅಪ್ಪ ತನಗೆ ಹತ್ತಿದಷ್ಟನ್ನು ಹೇಳುತ್ತಿದ್ದ.

"ಹ್ವಾದ ವಾರ ದೊಡ್ಡವರ ಮನ್ಯಾಗ ಚಾ ಕೊಡೋ ಆಳು ಅಂದಿದ್ರಿ?"

"ಆ ಕೆಲಸ ಹೋಗಿರಬೇಕು."

"ಅದರ ಹಿಂದಿನ ವಾರ ಸ್ಟೇಷನ್ ಮಾಸ್ತರ ಇದ್ದ?"

"ಅದೂ ಹೋತು ಕಾಣಸ್ತದ."

ಅವ್ವನ ಕೈಯಲ್ಲಿ ರೊಟ್ಟಿ ಅಲ್ಲೇ ನಿಂತಿತು. "ಹಂಗಾರ ನಿಮ್ಮಂಗ ಬದ್ಲಿ ಅನ್ರಿ," ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಮ್ಮು ಸಾಹೇಬ ಲಂಡನ್ನಿನ ಬದ್ಲಿ. ನನಗೂ ನನ್ನ ಅಕ್ಕನಿಗೂ ಅದರಲ್ಲಿ ಅನುಮಾನವೇ ಇರಲಿಲ್ಲ. ವಾರಕ್ಕೊಂದು ಕೆಲಸ ಮಾಡುವವನು ಬದ್ಲಿಯಲ್ಲದೆ ಮತ್ತಾರು? ಅವನಿಗೆ ಅಷ್ಟು ಕೆಮ್ಮಿದೆ, ಡಾಕ್ಟರು ಪಾಸು ಮಾಡುವುದಿಲ್ಲ, ಅದಕ್ಕೇ ಎಲ್ಲಿಯೂ ನಿಲ್ಲುತ್ತಿಲ್ಲ, ಮೇಲೆ ಜನ ನಗುತ್ತಾರೆ. ಅವ್ವ ಇಷ್ಟನ್ನೂ ತಾನೇ ಕೂಡಿಸಿಕೊಂಡಳು. ಗುರುವಾರ ದತ್ತನಿಗೆ ಸಕ್ಕರೆ ನೈವೇದ್ಯ ಮಾಡುವಾಗ ಇನ್ನೊಂದು ಚಿಟಿಕೆ ರೇಡಿಯೋದ ಮುಂದೆ ಬೀಳತೊಡಗಿತು. "ಇವರದೂ ಪರ್ಮನೆಂಟ್ ಆಗ್ಲಿ, ಅವಂದೂ ಆಗ್ಲಿ, ಅವನ ಕೆಮ್ಮು ಹೋಗ್ಲಿ," ಎಂದು ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದಳು. ಆ ಸಕ್ಕರೆಗೆ ಇರುವೆ ಸಾಲುಗಟ್ಟಿ ರೇಡಿಯೋದೊಳಗೇ ಸಂಸಾರ ಹೂಡಿದವು. ಅಪ್ಪ ಹಿಂದಿನ ಹಲಗೆ ಬಿಚ್ಚಿ ಅವನ್ನು ಕೊಡವುವುದು ನಮ್ಮ ಮನೆಯ ವಾರ ವಾರದ ಕೆಲಸವಾಯಿತು.

ಇನ್ನು ಅವನ ಮಾತು. ಪೊಲೀಸನಾದರೂ, ಪಾದ್ರಿಯಾದರೂ, ಆಳಾದರೂ ಕೆಮ್ಮು ಸಾಹೇಬ ಪ್ರತಿ ವಾರ ಒಂದು ಮಾತು ಮಾತ್ರ ಹೇಳದೆ ಬಿಡುತ್ತಿರಲಿಲ್ಲ. ಯಾರೋ ಏನೋ ಕೆಲಸ ಹೇಳುತ್ತಾರೆ. ಇವನು ಖೊಕ್, ಖೊಕ್ ಖೊಕ್ ಎಂದು ಕೆಮ್ಮಿ, "ಸರ್ಟನ್ಲಿ, ಸರ್. ಬಟ್ ನಾಟ್ ಆನ್ ಅ ಥರ್ಸ್‌ಡೇ, ಸರ್!" ಎನ್ನುತ್ತಾನೆ. ಖಂಡಿತ ಮಾಡುತ್ತೇನೆ ಸಾಹೇಬರೇ, ಆದರೆ ಗುರುವಾರ ಆಗುವುದಿಲ್ಲ. ಲಂಡನ್ನಿನ ಮಂದಿ ಬಿದ್ದು ಬಿದ್ದು ನಗುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರಿಗೂ ನಗು ಬರುತ್ತಿರಲಿಲ್ಲ. ಇದರಲ್ಲಿ ನಗುವುದು ಏನಿದೆ ನೀವೇ ಹೇಳಿ? ಪಿಂಪ್ರಿಯ ಕಾರ್ಖಾನೆಗಳಿಗೆ ವಾರದ ರಜೆಯೇ ಗುರುವಾರ. ಉಳಿದ ಜಗತ್ತು ಭಾನುವಾರ ಮಲಗಿದರೆ ನಾವು ಗುರುವಾರ ಮಲಗುವವರು. "ಸುಟ್ಟಿ ದಿನ ಕೆಲಸಕ್ಕ ಕರದ್ರ ಯಾರ್ ಹೋಗ್ತಾರ? ಸರಿಯಾಗೇ ಹೇಳ್ಯಾನ," ಎಂದು ಅಪ್ಪ ತಲೆದೂಗುತ್ತಿದ್ದ. ಅವ್ವನ ಅಭಿಪ್ರಾಯ ಬೇರೆ. ಗುರುವಾರ ದತ್ತನ ವಾರ. ಕೆಮ್ಮು ಸಾಹೇಬನದು ಅಂದು ಉಪವಾಸ, ಅವನು ನಮ್ಮವನೇ, ಹೊರಗೆ ಹೇಳಿಕೊಳ್ಳುತ್ತಿಲ್ಲ ಅಷ್ಟೇ. ಈ ವಿಷಯದಲ್ಲಿ ಅವರಿಬ್ಬರಿಗೆ ಎಷ್ಟೋ ಸಂಜೆ ವಾದವಾಗಿದೆ. ಗುರುವಾರ ಬೇಡ ಅನ್ನುವುದು ಒಂದು ತಮಾಷೆ ಇರಬಹುದು ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಆ ಮಾತನ್ನು ಕೆಮ್ಮಿನ ಸಮೇತ ಕಲಿತ. ಇಂಗ್ಲಿಷಿನಲ್ಲಿ ದೊಡ್ಡವರಿಗೆ ಒಲ್ಲೆ ಅನ್ನುವ ಮೊದಲು ಕೆಮ್ಮಬೇಕು, ಅದು ಮರ್ಯಾದೆ ಎಂದು ನಮಗೂ ಕಲಿಸಿದ. ನಾನು ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು ಕೇಳಿದ್ದಕ್ಕೆಲ್ಲ ಖೊಕ್ ಖೊಕ್ 'ನೋ ಸರ್' ಎಂದು ಅನ್ನತೊಡಗಿದೆ. ಅವರು ಒಂದು ವಾರ ನೋಡಿ, ಈ ಹುಡುಗನನ್ನು ಕಿಟಕಿಯ ಪಕ್ಕ ಕೂಡಿಸಿರಿ, ಉಳಿದವರಿಗೆ ಹತ್ತೀತು ಎಂದರು. ನನಗೆ ಬಹಳ ಹೆಮ್ಮೆಯಾಯಿತು. ಒಳ್ಳೆಯ ಇಂಗ್ಲಿಷಿಗೆ ಒಳ್ಳೆಯ ಜಾಗ ಸಿಕ್ಕಿತೆಂದೇ ತಿಳಿದಿದ್ದೆ. ಆ ಕೆಮ್ಮು ಆಗ ಗಂಟಲಿಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಕೊನೆಗೂ ಮಿಶಿನ್ ಬಂತು, ಸಾಹೇಬನೂ ಬಂದ. ಒಂದು ದಿನ ಗೇಟಿನ ಹೊರಗಿದ್ದ ಬದ್ಲಿಗಳಲ್ಲಿ ಇಂಗ್ಲಿಷ್ ಬಲ್ಲವರು ಯಾರು ಎಂದು ಕೇಳಿದರು. ಅಪ್ಪ ಕೈಯೆತ್ತಿದ. ಮರುದಿನ ಆಫೀಸಿಗೆ ಬರಲು ಹೇಳಿದರು. ಅವ್ವ ಬಿಳಿಯ ಅಂಗಿಗೆ ಇಸ್ತ್ರಿ ಮಾಡಿ, ಅಪ್ಪನ ಹಣೆಗೆ ದತ್ತನ ಅಂಗಾರದ ಬೂದಿ ಹಚ್ಚಿ, "ಏನರೆ ಆಗ್ಲಿ, ಕೆಮ್ಮಬ್ಯಾಡ್ರಿ," ಎಂದು ಹೇಳಿ ಕಳಿಸಿದಳು. ಅವಳ ಮನಸ್ಸಿನಲ್ಲಿದ್ದದ್ದು ಕಂಪನಿಯ ಡಾಕ್ಟರು.

ಮುಂದಿನದನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾನೆಂದರೆ ನಾನೇ ಆ ಕೋಣೆಯಲ್ಲಿ ಇದ್ದೆನೇನೋ ಅನಿಸುತ್ತದೆ. ಮೇಜಿನ ಹಿಂದೆ ಕೆಂಪು ಮುಖದ ಇಂಗ್ರೇಜಿ ಸಾಹೇಬ, ಅತ್ತ ಇತ್ತ ನಮ್ಮ ಮರಾಠಿ ಸಾಹೇಬರು. ಹೆಸರು ಕೇಳಿದರು, ಹೇಳಿದ. ಊರು ಕೇಳಿದರು, ಹೇಳಿದ. ಆಮೇಲೆ ಇಂಗ್ರೇಜಿ ಸಾಹೇಬ ಉದ್ದಕ್ಕೆ ಏನೋ ಕೇಳಿದ. ಮಿಶಿನ್ನನ್ನು ಈ ವಾರವೇ ಹಚ್ಚಿ ನೋಡಬೇಕು, ರಜೆಯ ದಿನವಾದರೂ ಸರಿ, ನೀನು ಥರ್ಸ್‌ಡೇ ಬರುತ್ತೀಯಾ ಎಂದು ಕೇಳಿದ್ದನಂತೆ, ಅದು ತಿಳಿದದ್ದು ಆಮೇಲೆ. ಅಷ್ಟುದ್ದ ಮಾತಿನಲ್ಲಿ ಅಪ್ಪನ ಕಿವಿಗೆ ಹತ್ತಿದ್ದು ಥರ್ಸ್‌ಡೇ ಒಂದೇ. ಅದು ಹತ್ತಿದ್ದೇ ತಡ, ವರ್ಷಗಟ್ಟಲೆ ತಯಾರಾಗಿ ಕೂತಿದ್ದ ಉತ್ತರ ಗಂಟಲಿಗೆ ಬಂದುಬಿಟ್ಟಿತು. ಖೊಕ್. ಖೊಕ್ ಖೊಕ್. "ಸರ್ಟನ್ಲಿ, ಸರ್. ಬಟ್ ನಾಟ್ ಆನ್ ಅ ಥರ್ಸ್‌ಡೇ, ಸರ್!" ಶಬ್ದ ಮಾತ್ರವಲ್ಲ, ಎಳೆತ, ತಡೆತ, ಕೊನೆಯ 'ಸರ್' ಮೇಲಕ್ಕೇರುವ ರೀತಿ ಎಲ್ಲ ಕೆಮ್ಮು ಸಾಹೇಬನದೇ.

ಇಂಗ್ರೇಜಿ ಸಾಹೇಬ ನಗಲು ಶುರುಮಾಡಿದ. ಮೇಜು ಗುದ್ದಿ ನಕ್ಕ. ಕಣ್ಣಿನ ನೀರು ಒರೆಸಿಕೊಂಡು ಮತ್ತೆ ನಕ್ಕ. ಮರಾಠಿ ಸಾಹೇಬರಿಗೆ ಏನೂ ತಿಳಿಯದಿದ್ದರೂ ದೊಡ್ಡ ಸಾಹೇಬ ನಗುವಾಗ ಸುಮ್ಮನಿರುವುದು ಸರಿಯಲ್ಲವೆಂದು ಅವರೂ ನಕ್ಕರು. ಅಪ್ಪ ಬಿಳಿಯ ಅಂಗಿಯಲ್ಲಿ ಅವರ ನಡುವೆ ನಿಂತಿದ್ದ. ಹೋಗು ಎಂದು ಯಾರೋ ಕೈಸನ್ನೆ ಮಾಡಿದ ಮೇಲೆ ಹೊರಗೆ ಬಂದ.

ಮನೆಗೆ ಬಂದವನು ಕಾಲು ತೊಳೆದು ಗೋಡೆಗೆ ಒರಗಿ ಕೂತ. "ನಕ್ಕರು," ಎಂದ.

"ಯಾಕ?"

"ಗೊತ್ತಿಲ್ಲ. ಸರಿಯಾಗೇ ಹೇಳೀನಿ. ನಕ್ಕರು." ಬಿಳಿಯ ಅಂಗಿಯ ಗುಂಡಿ ಬಿಚ್ಚುತ್ತ, "ಕೆಮ್ಮಿದೆ," ಎಂದು ಸೇರಿಸಿದ.

"ಸಾಹೇಬನ ಮುಂದ ಕೆಮ್ಮಿದ್ರೇನು!" ಎಂದು ಅವ್ವ ಅಲ್ಲೇ ಕೂತುಬಿಟ್ಟಳು.

ಆ ಸಂಜೆ ಕೆಮ್ಮು ಸಾಹೇಬನ ಕಾರ್ಯಕ್ರಮವಿತ್ತು. ಅಪ್ಪ ರೇಡಿಯೋ ಹಚ್ಚಲಿಲ್ಲ. ಅವ್ವನೇ ಎದ್ದು ಮುಸುಕು ತೆಗೆದು ಗುಂಡಿ ತಿರುವಿದಳು. ದನಿ ಬಂತು, ಕೆಮ್ಮು ಬಂತು, ಆ ಜನದ ನಗುವೂ ಬಂತು. ಅವ್ವ ರೇಡಿಯೋಕ್ಕೇ ಹೇಳಿದಳು, "ನಗ್ರಿ, ನಗ್ರಿ. ಇವತ್ತ ನಮ್ಮವರಿಗೂ ನಕ್ಕೀರಿ. ಇಬ್ಬರೂ ಬಡವರು ಸಿಕ್ಕಾರ ನಿಮಗ." ಅಪ್ಪ ಎಂದೂ ಅಳುವವನಲ್ಲ. ಅಂದು ಟವೆಲ್ಲು ಮುಖದ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಿದ್ದ. ನನಗೆ ಅಪ್ಪನ ಮೇಲೆ ಬಹಳ ಮರುಕ ಬಂತು. ಅವನ ಕೈಗಳು ಎಂಥ ಕೆಲಸ ಬೇಕಾದರೂ ಮಾಡುತ್ತಿದ್ದವು, ಅವನ್ನು ಯಾರೂ ಕೇಳಲೇ ಇಲ್ಲವಲ್ಲ.

ಮುಂದಿನ ವಾರ ಅಪ್ಪ ಎಂದಿನಂತೆ ಬುತ್ತಿ ತಗೊಂಡು ಗೇಟಿಗೆ ಹೋದ. 'ಏ ಬದ್ಲಿ' ಎನ್ನುವ ಬದಲು ಅಂದು ವಾಚ್‌ಮನ್ "ಮಿಸ್ಟರ್ ಥರ್ಸ್‌ಡೇ ಕೋಣ್ ಆಹೆ?" ಎಂದು, ಅಂಥವನು ಯಾರಿದ್ದೀರಿ ಎನ್ನುವ ಹಾಗೆ ಕೂಗುತ್ತಿದ್ದ. ಇಂಗ್ರೇಜಿ ಸಾಹೇಬ ಆ ಹೆಸರಿನವನನ್ನೇ ಕರೆದುಕೊಂಡು ಬಾ ಎಂದಿದ್ದನಂತೆ. ಅಂದಿನಿಂದ ಅಪ್ಪ ಹೊಸ ಮಿಶಿನ್ನಿನ ಹತ್ತಿರ ಸಾಹೇಬನ ಜೊತೆ ನಿಂತ. ದಿನಾ ಬೆಳಿಗ್ಗೆ ಸಾಹೇಬ ಬಂದ ಕೂಡಲೇ ಏನೋ ಕೆಲಸ ಹೇಳುತ್ತಿದ್ದ, ಅಪ್ಪ ಕೆಮ್ಮಿ ಅದೇ ಮಾತು ಅನ್ನಬೇಕು, ಅವನು ನಗಬೇಕು, ಆಮೇಲೆ ಮಿಶಿನ್ ಹಚ್ಚಬೇಕು. ಮರಾಠಿ ಗೆಳೆಯರು ಅಪ್ಪನನ್ನು ಗುರುವಾರ್‌ರಾವ್ ಎಂದು ಕರೆಯತೊಡಗಿದರು. ಆ ಹೆಸರು ರಿಟೈರಾಗುವವರೆಗೂ ಉಳಿಯಿತು.

ಕೆಲವು ದಿನಗಳ ಮೇಲೆ ಸಾಹೇಬ ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ ಅಪ್ಪನಿಗೆ ವಿಷಯ ತಿಳಿಸಿದ. ಆ ಕೆಮ್ಮುವವನು ಬದ್ಲಿಯೂ ಅಲ್ಲ, ಪೊಲೀಸನೂ ಅಲ್ಲ, ನಾಟಕದವನು. ನಾಯಕನಲ್ಲ, ನಾಯಕನಿಗೆ ಬಾಗಿಲು ತೆಗೆಯುವವನು, ಚಹಾ ತರುವವನು. ಸಾಹೇಬನ ತಂದೆ ಮನೆಯಲ್ಲಿ ಯಾವಾಗಲೂ ಸಿಡಿಮಿಡಿ ಅನ್ನುತ್ತಿದ್ದನಂತೆ, ಆ ಕೆಮ್ಮು ಕೇಳಿದಾಗ ಮಾತ್ರ ನಗುತ್ತಿದ್ದನಂತೆ. ಸಾಹೇಬ ಅಂದು ಆಫೀಸಿನಲ್ಲಿ ನಕ್ಕದ್ದು ಅಪ್ಪನನ್ನು ನೋಡಿ ಅಲ್ಲ, ಅಷ್ಟು ದೂರ ಬಂದರೂ ತನ್ನ ಮನೆಯ ದನಿ ಕೇಳಿಸಿತಲ್ಲ ಎಂದು. ಅಪ್ಪ ಇದನ್ನು ಮನೆಯಲ್ಲಿ ಹೇಳಿದಾಗ ಅವನ ಮುಖ ಬಹಳ ದಿನಗಳ ಮೇಲೆ ತಿಳಿಯಾಗಿತ್ತು.

"ನಗಸೋದ ಅವನ ಕೆಲಸಂತ. ಬೇಕಂತ ಕೆಮ್ಮತಾನ."

ಅವ್ವ ಅಷ್ಟಕ್ಕೆ ಬಿಡುವವಳಲ್ಲ. "ಆ ಕೆಲಸರೆ ಪರ್ಮನೆಂಟ್ ಏನು?"

"ಎಲ್ಲಿಂದು? ಕರದ್ರ ಹೋಗಬೇಕು, ಕರೀಲಿಲ್ಲಂದ್ರ ಮನ್ಯಾಗಿರಬೇಕು."

"ಹಂಗಾರ ಬದ್ಲಿನೇ ಆತಲ್ರಿ," ಎಂದು ಅವ್ವ ಸಕ್ಕರೆಯ ಡಬ್ಬಿ ತೆಗೆದಳು.

ಸಾಹೇಬ ತನ್ನ ದೇಶಕ್ಕೆ ಹೊರಡುವ ಮೊದಲು ಅಪ್ಪ ಪರ್ಮನೆಂಟ್ ಆದ. ಡಾಕ್ಟರ ಪರೀಕ್ಷೆಯ ದಿನ ಉಸಿರು ಬಿಗಿಹಿಡಿದು ನಿಂತು ಪಾಸಾಗಿ ಬಂದ. ತನ್ನನ್ನು ತೆಗೆದುಕೊಂಡದ್ದು ಕೈ ನೋಡಿಯೋ ಕೆಮ್ಮು ಕೇಳಿಯೋ ಎಂಬ ಒಂದು ಸಣ್ಣ ಮುಳ್ಳು ಅವನೊಳಗೆ ಉಳಿದಿತ್ತು. ಸಾಹೇಬ ಹೋದ ಮೇಲೆ ಆ ಮಿಶಿನ್ ಕೆಟ್ಟಾಗಲೆಲ್ಲ ಗುರುವಾರ್‌ರಾವ್ ಎಲ್ಲಿ ಎಂದು ಓಡಿ ಬರುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ ಮುಳ್ಳು ತಾನೇ ಉದುರಿತು ಅಂದುಕೊಂಡಿದ್ದೇನೆ. ಪರ್ಮನೆಂಟ್ ಆದ ದಿನ ಅವ್ವ ಗೋಧಿ ಹುಗ್ಗಿ ಮಾಡಿ ಇಡೀ ಚಾಳಿಗೆ ಹಂಚಿದಳು. ದತ್ತನ ಮುಂದೆ ಒಂದು ಬಟ್ಟಲು ಇಟ್ಟು, ರೇಡಿಯೋದ ಕಡೆ ತಿರುಗಿ, "ಒಬ್ಬರದಾತು, ನಿಂದೊಂದು ಉಳೀತಪ್ಪ," ಎಂದಳು.

ಸ್ವಲ್ಪ ಕಾಲದಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು. ಅದೇ ಹೊತ್ತಿಗೆ ಬೇರೆ ಯಾರೋ ತೋಟಗಾರಿಕೆಯ ಬಗ್ಗೆ ಮಾತಾಡತೊಡಗಿದರು. "ತಗದ್ರು ಕಾಣಸ್ತದ," ಎಂದು ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವನು ಟಿ.ವಿ.ಗೆ ಹೋಗಿರಬೇಕು ಎಂದು ಅಪ್ಪ ಸಮಾಧಾನ ಮಾಡಿದ. ಮುಂದೆ ನಮ್ಮ ಮನೆಗೂ ಟಿ.ವಿ. ಬಂತು. ಮೊದಲ ವಾರವೆಲ್ಲ ಅವ್ವ ಅದರ ಮುಂದೆ ಕೂತು ಕಾದಳು, ಬಂದವರೆಲ್ಲ ಮರಾಠಿ ಮಾತಾಡುವವರು, ಒಬ್ಬರಿಗೂ ಕೆಮ್ಮಿಲ್ಲ. ರೇಡಿಯೋ ಗುಜರಿಗೆ ಹೋಯಿತು, ನಾವು ಧನಕವಡಿಗೆ ಬಂದೆವು, ದತ್ತನ ಪಟಕ್ಕೆ ಗಾಜಿನ ಕಟ್ಟು ಬಂತು. ಆದರೆ ಗುರುವಾರ ಪಟದ ಎಡಕ್ಕೆ, ಈಗ ಏನೂ ಇಲ್ಲದ ಜಾಗದಲ್ಲಿ, ಒಂದು ಚಿಟಿಕೆ ಸಕ್ಕರೆ ಬೀಳುವುದು ಮಾತ್ರ ತಪ್ಪಲಿಲ್ಲ.

ಅಪ್ಪ ಹೋಗಿ ಕೆಲವು ವರ್ಷಗಳಾದವು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಗುರುವಾರ ಆಪರೇಷನ್ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿದ್ದರು. ಹಾಸಿಗೆಯಿಂದ ಖೊಕ್, ಖೊಕ್ ಖೊಕ್ ಕೇಳಿಸಿತು. "ಸರ್ಟನ್ಲಿ, ಸರ್. ಬಟ್ ನಾಟ್ ಆನ್ ಅ ಥರ್ಸ್‌ಡೇ, ಸರ್!" ಡಾಕ್ಟರು ನಗಲಿಲ್ಲ, ನರ್ಸಮ್ಮನಿಗೆ ಕೆಮ್ಮಿನ ಔಷಧ ಕೊಡಲು ಹೇಳಿ ಹೋದರು. ಅಪ್ಪನಿಗೆ ನಗು ಬಂತು, ನನಗೂ ಬಂತು. ಬುಧವಾರವೇ ಅವನು ಹೊರಟುಹೋದ.

ಮೊನ್ನೆ ಇಷ್ಟನ್ನೂ ಕೇಳಿದ ಶ್ರುತಿ ಸುಮ್ಮನೆ ಕೂರುವ ಹುಡುಗಿಯಲ್ಲ. ಹೆಸರು ಗೊತ್ತಿಲ್ಲದಿದ್ದರೂ ಮಾತು ಗೊತ್ತಿತ್ತಲ್ಲ. ಅದನ್ನೇ ಫೋನಿನಲ್ಲಿ ಹುಡುಕಿದಳು. ನಾನು ಕುಕ್ಕರಿನ ಮೂರನೆಯ ಸೀಟಿಗೆ ಕಾಯುತ್ತಿದ್ದೆ, "ಅಪ್ಪಾ, ಸಿಕ್ಕಾ! ಹಾಚ್ ತೊ!" ಎಂದು ಮರಾಠಿಯಲ್ಲಿ, ಇವನೇ ಅವನು ಎಂದು ಕೂಗಿದಳು. ಓಡಿ ಹೋಗಿ ನೋಡಿದೆ. ಅವನಿಗೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ನಮಗೆ ಅದು ಹೊಂದುವುದಿಲ್ಲ.

ನಾವು ಮೂವರೂ ಅವ್ವನ ಮಂಚದ ಮೇಲೆ ಕೂತೆವು. ಮಗಳು ಒಂದು ಹಳೆಯ ಟಿ.ವಿ. ನಾಟಕದ ತುಣುಕು ಹಚ್ಚಿದಳು. ಒಂದು ಕಿರಾಣಿ ಅಂಗಡಿ, ಗಲ್ಲಾ ಪೆಟ್ಟಿಗೆಯ ಹಿಂದೆ ಏಪ್ರನ್ ಕಟ್ಟಿಕೊಂಡ ಒಬ್ಬ ಮನುಷ್ಯ. ನಾವು ಇಷ್ಟು ವರ್ಷ ಮನಸ್ಸಿನಲ್ಲಿ ಸಾಕಿಕೊಂಡಿದ್ದವನು ಎಲುಬಿನ ಹಂದರ. ಇವನು ಗುಂಡು ಗುಂಡಗೆ, ಗದ್ದದ ಕೆಳಗೆ ಇನ್ನೊಂದು ಗದ್ದ, ಹೊಟ್ಟೆಯ ಮೇಲೆ ಏಪ್ರನ್ನಿನ ದಾರ ಸಾಲದು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇಂವಾ ಅಲ್ಲ," ಎಂದಳು. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು, ಅವನು ಬಾಯಿ ತೆರೆದ. ಖೊಕ್. ಖೊಕ್ ಖೊಕ್.

ಅವ್ವ ನನ್ನ ಮೊಣಕೈ ಹಿಡಿದಳು. "ಇಂವಾನೇ," ಎಂದಳು. ಆಮೇಲೆ, "ಉಂಡು ಉಟ್ಟು ಭಾಳ ಚೊಲೊ ಅದಾನಲ್ಲೋ! ನಾ ಸುಮ್ಮ ಇಷ್ಟ ವರ್ಷ ಸಕ್ಕರಿ ಹಾಕೀನಿ."

ಶ್ರುತಿ ಓದುತ್ತ ಹೋದಳು, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಸಮುದ್ರದ ದಂಡೆಯ ಊರಿನವನು, ಅವನ ಅಪ್ಪನದು ಮೀನಿನ ಅಂಗಡಿ. ಅವನನ್ನು ದತ್ತನ ಪಕ್ಕ ಕೂರಿಸಿದ್ದ ಅವ್ವ ಏನೆನ್ನುತ್ತಾಳೋ ಎಂದು ನಾನು ತಡೆದೆ. "ಇರಲಿ, ಹೊಟ್ಟಿಪಾಡು. ಮುಂದ ಓದು," ಎಂದಳು. ರೇಡಿಯೋಕ್ಕೆ ಅವನು ಬಂದ ಬಗೆ ಕೇಳಿ. ಒಂದು ನಾಟಕದ ಹೊತ್ತಿಗೆ ಚಿಕ್ಕ ಪಾತ್ರದವನೊಬ್ಬ ಬರಲಿಲ್ಲವಂತೆ. ಅಲ್ಲೇ ಸುತ್ತಮುತ್ತ ಕೆಲಸ ಹುಡುಕುತ್ತಿದ್ದ ಇವನನ್ನು ಓಡಿಸಿಕೊಂಡು ಬಂದು ಮೈಕಿನ ಮುಂದೆ ನಿಲ್ಲಿಸಿದರಂತೆ. ಮೆಟ್ಟಿಲು ಹತ್ತಿದ ಏದುಸಿರಿಗೆ, ಹೊರಗಿನ ಥಂಡಿಗೆ ಮಾತಿಗೆ ಮೊದಲು ಕೆಮ್ಮು ಬಂತಂತೆ. ಕೇಳುವವರು ನಕ್ಕರಂತೆ. ಕೆಮ್ಮು ಇರಲಿ ಎಂದರಂತೆ. ಒಂದು ಶಬ್ದ ಇಂಗ್ಲಿಷ್ ತಿಳಿಯದ ಅವ್ವ ರೊಟ್ಟಿ ಬಡಿಯುತ್ತ ಹೇಳಿದ್ದೇ ನಿಜವಾಗಿತ್ತು. ಅವನು ಬದ್ಲಿಯೇ.

ಆಮೇಲೆ ಉದ್ದಕ್ಕೂ ಆಳು, ಪೊಲೀಸ್, ಪಾದ್ರಿ, ಸ್ಟೇಷನ್ ಮಾಸ್ತರ, ಬ್ಯಾಂಕಿನ ಗುಮಾಸ್ತ. ಒಮ್ಮೆಯೂ ನಾಯಕನಾಗಲಿಲ್ಲ. ಒಂದೇ ನಾಟಕದಲ್ಲಿ ಬಾಗಿಲು ತೆಗೆಯುವವನೂ ಬಾಗಿಲು ಬಡಿಯುವವನೂ ಅವನೇ ಆದದ್ದುಂಟು. ಇಂಥವರಿಗೆ ಮಾಲೆ ಹಾಕುವವರಿಲ್ಲ, ದಾರಿಯಲ್ಲಿ ಕಂಡರೆ ಹೆಸರು ಹಿಡಿದು ಕರೆಯುವವರಿಲ್ಲ. ಆದರೂ ಅವರು ಬಂದು ಕೆಮ್ಮದಿದ್ದರೆ ನಾಯಕ ಒಬ್ಬನೇ ನಿಂತು ಏನು ಮಾಡಿಯಾನು? ಗುರುವಾರ ಯಾಕೆ ಬೇಡ ಎಂಬುದನ್ನು ಅವನು ಕೊನೆಯವರೆಗೂ ಹೇಳಲೇ ಇಲ್ಲವಂತೆ. ಹೇಳದಿರುವುದೇ ಅಲ್ಲಿಯ ತಮಾಷೆಯಂತೆ. "ಹ್ಯಾಂಗ ಹೇಳ್ತಾನ? ಉಪವಾಸ ಹೊರಗ ಹೇಳಬಾರದು," ಎಂದಳು ಅವ್ವ.

"ಪರ್ಮನೆಂಟ್ ಆತೇನು, ಅದನ್ನ ನೋಡು," ಎಂದು ಅವಳೇ ಅವಸರಿಸಿದಳು.

ಮಗಳು ಕೆಳಗೆ ಜಾರಿಸಿ ಓದಿದಳು. ವಯಸ್ಸಾದ ಮೇಲೆ ಟಿ.ವಿ.ಯಲ್ಲಿ ಈ ಕಿರಾಣಿ ಅಂಗಡಿಯವನ ಪಾತ್ರ ಸಿಕ್ಕಿತು. ವರ್ಷ ವರ್ಷವೂ ಅದೇ ಅಂಗಡಿ, ಅದೇ ಏಪ್ರನ್. ಸಾಕು, ಇನ್ನು ಕಾಲು ನಿಲ್ಲುವುದಿಲ್ಲ ಎಂದು ತಾನಾಗಿ ಹೇಳಿ ಬಿಡುವವರೆಗೆ ಅವನನ್ನು ಯಾರೂ ತೆಗೆಯಲಿಲ್ಲ.

"ತಾನಾಗೇ ಬಿಟ್ಟನೇನು?" ಅವ್ವ ಮತ್ತೆ ಕೇಳಿದಳು.

"ಹೌದವ್ವಾ, ತಾನಾಗೇ."

"ಹಂಗಾರ ಆತು," ಎಂದು ಅವ್ವ ಕೈಮುಗಿದಳು. ಅವಳ ಕಣ್ಣು ತುಂಬಿತ್ತು. "ಇವರಿಗೊಂದು ಹೇಳಬೇಕಾಗಿತ್ತು ನೋಡು." ನನಗೂ ಅದೇ ಅನಿಸಿತ್ತು. ಅಪ್ಪ ಆ ಮಂಚದ ತುದಿಯಲ್ಲಿ ಕೂತು ಇದನ್ನು ಕೇಳಬೇಕಾಗಿತ್ತು.

ಫೋನಿನಲ್ಲಿ ಆ ಗುಂಡು ಮುಖ ಹಾಗೇ ನಿಂತಿತ್ತು. ಅದನ್ನು ನೋಡುತ್ತ ಅವ್ವ ಕೇಳಿದಳು, "ಈಗೂ ಅದಾನೇನು?"

ಶ್ರುತಿ ನನ್ನ ಮುಖ ನೋಡಿದಳು. ಅವಳು ಕೊನೆಯ ಸಾಲನ್ನು ಆಗಲೇ ಓದಿದ್ದಳು, ನಾನೂ ಓದಿದ್ದೆ. ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ, ಯೋಚನೆ ಮುಗಿಯುವ ಮೊದಲೇ ಗಂಟಲು ತನ್ನ ಕೆಲಸ ಮಾಡಿಬಿಟ್ಟಿತು. ಖೊಕ್. ಖೊಕ್ ಖೊಕ್.

ಅವ್ವನಿಗೆ ಮುಂದಿನದು ಬೇಕಾಗಲಿಲ್ಲ. ನಮ್ಮ ಮನೆಯ ಕೆಮ್ಮು ಅವಳಿಗೆ ತಿಳಿಯದೆ ಮತ್ತಾರಿಗೆ ತಿಳಿದೀತು? ಹೊಸೆದ ಬತ್ತಿಗಳನ್ನು ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿದಳು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಗುರುವಾರ ಅಂತೂ ಹೋಗಿರಂಗಿಲ್ಲ ಬಿಡು."

ಹೇಳಿ, ನನ್ನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅವ್ವ ನಕ್ಕಳು. ಆ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು.